ಎರಡು ಆಂಟಿವೈರಸ್, ಒಂದು ಪತ್ರ

ನನ್ನ ಹಳೆಯ ಡೈರಿಯ ಜೂನ್ ಹದಿನಾಲ್ಕರ ಪುಟದಲ್ಲಿ ಇಷ್ಟೇ ಇದೆ: "ಕಂಪ್ಯೂಟರ್ ನಿಧಾನ. ಪತ್ರ ಆಗಲಿಲ್ಲ."

ಆ ವರ್ಷ ಬರಗಾಲ. ಹೈದರಾಬಾದಿಗೆ ದುಡಿಯಲು ಹೋಗುವವರ ಹೆಣ್ಣುಮಕ್ಕಳಿಗೆ ಭಾಲ್ಕಿಯ ಹಾಸ್ಟೆಲಿನಲ್ಲಿ ಜಾಗ ಕೊಡಿಸುವ ಪತ್ರಗಳನ್ನು ನಾನೇ ಬರೆಯುತ್ತಿದ್ದೆ. ಔರಾದದ ಕಾಶಮ್ಮ ಮಗಳು ಸಂಗೀತಾಳೊಂದಿಗೆ ಬೀದರಿನ ನಮ್ಮ ಮನೆಗೆ ಬಂದಳು. ಅವರನ್ನು ಹೈದರಾಬಾದಿಗೆ ಒಯ್ಯುವ ಲಾರಿ ಊರಂಚಿನ ನೌಬಾದದಲ್ಲಿ ನಿಂತಿತ್ತು.

ಕಂಪ್ಯೂಟರ್ ಹಚ್ಚಿದರೆ ಪತ್ರದ ಫೈಲು ತೆರೆಯಲೇ ಇಲ್ಲ. ಪರದೆಯ ಮೇಲೆ ಆಂಟಿವೈರಸ್ ತಪಾಸಣೆ, ಶೇಕಡಾ ನಾಲ್ಕು.

"ಅಮ್ಮೋರೆ, ಕೈಲೇ ಬರ್ದು ಕೊಡ್ರಿ. ನಡೀತದ ಅಂತ ಹಾಸ್ಟೆಲ್ನೋರೇ ಅಂದಾರ," ಎಂದಳು ಕಾಶಮ್ಮ.

"ನನ್ನ ದಾಖಲಿ ಹಂಗೆಲ್ಲ ಇರಂಗಿಲ್ಲ. ಟೈಪ್ ಆಗ್ಬೇಕು. ಕೂಡು."

"ನಾ ಕೂಡ್ತೇನ್ರಿ, ಲಾರಿ ಕೂಡ್ತದೇನ್ರಿ?"

ಶೇಕಡಾ ಮೂವತ್ತೊಂದು ಆದಾಗ ಲಾರಿಯವನು ಫೋನಿನಲ್ಲಿ ಬೈದ. ಕಾಶಮ್ಮ ಮಗಳ ಕೈ ಹಿಡಿದು ಎದ್ದು ಹೋದಳು. ಹುಡುಗಿಯನ್ನು ಇಲ್ಲೇ ಬಿಟ್ಟು ಹೋಗು ಎನ್ನಲು ನನಗೆ ಹೊಳೆಯಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು.

ಮರುದಿನ ರಿಪೇರಿಯವನು ನಕ್ಕ. "ಮೇಡಮ್, ಎರಡೆರಡು ಆಂಟಿವೈರಸ್ ಅದಾವಲ್ರಿ! ಇದು ನೋಡಿದ್ದನ್ನೇ ಅದು ಮತ್ತ ನೋಡ್ತದ. ಯಾವ ಶಾಣ್ಯಾ ಹಾಕ್ಯಾನ್ರಿ?"

"ನಾನೇ," ಎಂದೆ. ಮನೆಯ ಬಾಗಿಲಿಗೂ ಎರಡು ಬೀಗ ಹಾಕುವವಳು ನಾನು.

ಅವನು ಒಂದನ್ನು ತೆಗೆದ. ಪತ್ರ ಕೂಡಲೇ ತೆರೆಯಿತು. ಅಷ್ಟಕ್ಕೆ ದುಡ್ಡು ಬೇಡ ಎಂದು ಹೋದ.

ಹಾಗಾಗಿ ತಗುಲಿದ ಖರ್ಚು ಸಂಗೀತಾಳ ಆರನೇ ತರಗತಿ ಮಾತ್ರ. ಆ ವರ್ಷವೆಲ್ಲ ಅವಳು ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತಳು. ನನ್ನ ಪೆನ್ನು ಅಂದು ಮೇಜಿನ ಮೇಲೆಯೇ ಇತ್ತು. ಡೈರಿಯ ಆ ಸಾಲನ್ನು ಅದರಲ್ಲೇ ಬರೆದಿದ್ದೇನೆ, ದುಂಡಗೆ.