ಉಪವಾಸ ಎನ್ನದ ಧನ್ಯಕುಮಾರ ಕಾಕಾ

ಈಕೆ ಏನಾದರೂ ತಿಂದಿದ್ದಾಳೆಯೇ? ಇಲ್ಲ ಎನ್ನುತ್ತಾನೆ ಗಂಡ. ಆದರೆ ತುಟಿಯಂಚಿನಲ್ಲಿ ಎಣ್ಣೆಯ ಹೊಳಪಿದೆ. ಕೇಳಿದರೆ ಸಿಟ್ಟಾಗುತ್ತಾರೆ. ಕೇಳದಿದ್ದರೆ, ಸೂಜಿ ಚುಚ್ಚಿದ ಮೇಲೆ ಗೊತ್ತಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಗೋಕಾಕದ ಸ್ಕ್ಯಾನ್ ಸೆಂಟರಿನ ಬಾಗಿಲಲ್ಲಿ ನಿಂತ ಸಹಾಯಕ ಧನ್ಯಕುಮಾರರನ್ನು ಈ ಅನುಮಾನ ಕಾಡುತ್ತಿದೆ.

ಕಲ್ಲೋಳಿಯ ಶಿವವ್ವನಿಗೆ ಬಹಳ ದಿನಗಳಿಂದ ತಲೆನೋವು. ಮೊನ್ನೆ ಫಿಟ್ಸ್ ಬಂದಿದೆ. ಮೆದುಳಿನಲ್ಲಿ ಗಡ್ಡೆ ಇದೆಯೇ, ಇದ್ದರೆ ಯಾವ ರಕ್ತನಾಳಕ್ಕೆ ಅಂಟಿದೆ ಎಂಬುದು ಇವತ್ತಿನ ಚಿತ್ರದಲ್ಲಿ ಕಾಣಬೇಕು. ಅದಕ್ಕೆಂದು ರಕ್ತಕ್ಕೆ ಬಿಡುವ ಔಷಧದಿಂದ ನಾಳಗಳು ಬೆಳ್ಳಗೆ ಎದ್ದು ಕಾಣುತ್ತವೆ. ಹೊಟ್ಟೆ ತುಂಬಿದ್ದರೆ ಕೆಲವರಿಗೆ ವಾಂತಿಯಾಗುತ್ತದೆ. ಮಲಗಿದವರ ಉಸಿರು ಕಟ್ಟಬಹುದು.

“ಉಪವಾಸ ಅದಾಳ್ರಿ ಕಾಕಾ. ನಮ್ಮೂರ ಡಾಕ್ಟರ ಹೇಳಿದ್ರಲ್ಲ,” ಎನ್ನುತ್ತಾನೆ ಗಂಡ ಲಕ್ಕಪ್ಪ.

“ಉಪವಾಸಕ್ಕ ಏನ ಮಾಡಿದ್ದಿ ತಂಗಿ?” ಧನ್ಯಕುಮಾರ ಕೇಳುತ್ತಾರೆ.

“ಸಾಬೂದಾನಿ ಖಿಚಡಿ ಮಾಡಿದ್ನಿರಿ,” ಶಿವವ್ವನ ಉತ್ತರ. “ದೂರ ಬರೂದೈತಲ್ಲ ಅಂತ ಶೇಂಗಾ ಜಾಸ್ತಿ ಹಾಕಿದ್ನಿ.”

ಮಮದಾಪುರದ ಜೈನ ಮನೆತನದ ಧನ್ಯಕುಮಾರರಿಗೆ ಉಪವಾಸವೆಂದರೆ ಬರೀ ನೀರು, ಕೆಲವೊಮ್ಮೆ ಅದೂ ಇಲ್ಲ. ಶಿವವ್ವನಿಗೆ ರೊಟ್ಟಿ, ಅನ್ನ ಇಲ್ಲ, ಅಷ್ಟೇ. ಅಣ್ಣನ ಕಿರಾಣಿ ಅಂಗಡಿಯ ತಕ್ಕಡಿ ಬಿಟ್ಟು ಇಲ್ಲಿಗೆ ಬಂದ ವರ್ಷವೇ ಅವರು ರೋಗಿಗಳಿಗೆ ಸೂಚನೆ ಕೊಡುವಾಗ ಆ ಪದ ಬಳಸುವುದನ್ನು ಕೈಬಿಟ್ಟರು.

“ಬಾಯಿಗೆ ಏನೂ ಹಾಕಬ್ಯಾಡ್ರಿ ಅಂತೀನಿ. ಆಮ್ಯಾಲ ಖಿಚಡಿ, ಚಾ, ಬಾಳಿಹಣ್ಣ, ಎಲ್ಲಾ ಹೆಸರ ಹಿಡದ ಕೇಳ್ತೀನ್ರಿ,” ಎಂದು ಅವರ ಕೆಲಸ ನೋಡಲು ಬಂದಿರುವ ನನಗೆ ಹೇಳುತ್ತಾರೆ.

ಕಬ್ಬಿಣದ ನ್ಯಾನೊ ಕಣಗಳ ಹೊಸ ಔಷಧ ಹೊರದೇಶಗಳಲ್ಲಿ ಪ್ರಯೋಗದಲ್ಲಿದೆ, ಅದರಿಂದ ಗಡ್ಡೆಯ ಅಂಚು ಇನ್ನೂ ಸ್ಪಷ್ಟವಾಗಿ ಕಂಡೀತು ಎಂದು ಇಲ್ಲಿನ ಡಾಕ್ಟರ್ ಸುಜಾತಾ ವಿವರಿಸುತ್ತಾರೆ. ಧನ್ಯಕುಮಾರರಿಗೆ ನಗು. “ಕಬ್ಬಿಣಾರ ಬರ್ಲಿ, ಬಂಗಾರಾರ ಬರ್ಲಿ, ಖಿಚಡಿ ಕಾಯೂದು ನನಗ ತಪ್ಪೂದಿಲ್ಲ ಬಿಡ್ರಿ.”

ತಿಂದ ಖಿಚಡಿ ಕರಗಲು ಮಧ್ಯಾಹ್ನದವರೆಗೆ ಕಾಯಬೇಕು ಎಂದು ಡಾಕ್ಟರು ಹೇಳಿದಾಗ ಲಕ್ಕಪ್ಪ ರೇಗುತ್ತಾನೆ. “ಏಳ, ಮನಿಗೆ ಹೋಗೂನು. ಹೊಟ್ಟಿ ತುಂಬ ಉಂಡ ಬಂದ ಮಂದಿಗೆ ನಮ್ಮ ಹಸಿವಿ ಹೆಂಗ ತಿಳೀತೈತಿ?”

ಧನ್ಯಕುಮಾರ ಬೆಂಚಿನ ತುದಿಗೆ ಕೂರುತ್ತಾರೆ. “ದಾರ್ಯಾಗ ಮತ್ತ ಫಿಟ್ಸ ಬಂದ್ರ ಏನ ಮಾಡ್ತೀಯೋ ತಮ್ಮಾ?”

“ನೀವ ಬೇಕಾದ್ರ ಹೋಗ್ರಿ,” ಶಿವವ್ವ ಗಂಡನಿಗೆ ಹೇಳುತ್ತಾಳೆ. “ನಾ ಕಾಕಾನ ಬಾಜೂ ಕುಂತಿರ್ತೀನಿ.”

ಕಾಯುವ ಹೊತ್ತಿನಲ್ಲಿ ಬಿಸಿಲೇರುತ್ತದೆ. ಒಮ್ಮೆ ಅವಳು ನೀರು ಕೇಳುತ್ತಾಳೆ, ಅವರು ಬೇಡವೆಂದು ತಲೆಯಾಡಿಸುತ್ತಾರೆ. ಮತ್ತೆ ಕೇಳುವುದಿಲ್ಲ.

ಮಧ್ಯಾಹ್ನ ಔಷಧ ಒಳಗಿಳಿಯುತ್ತದೆ. ಶಿವವ್ವ ಅಲುಗಾಡದೆ ಮಲಗಿದ್ದಾಳೆ. ಪರದೆಯ ಮೇಲೆ ನಾಳಗಳು ಕವಲೊಡೆದು, ಪಕ್ಕದಲ್ಲಿ ಸಣ್ಣ ಗಡ್ಡೆಯೊಂದು ಬೆಳಗುತ್ತದೆ. ದೊಡ್ಡ ನಾಳಕ್ಕೆ ತಾಗಿಲ್ಲ, ತೆಗೆಯಬಹುದು ಅನ್ನಿಸುತ್ತದೆ ಎಂದು ಹೇಳಿ ಡಾಕ್ಟರು ಬೆಳಗಾವಿಯ ಆಸ್ಪತ್ರೆಗೆ ಫೋನ್ ಹಚ್ಚುತ್ತಾರೆ.

“ಚಿತ್ರ ಒಂದ ಸಲಕ್ಕ ಬಂತ ನೋಡ್ರಿ,” ಧನ್ಯಕುಮಾರ ನನಗೆ ಮೆಲ್ಲಗೆ ಹೇಳುತ್ತಾರೆ. ಲಕ್ಕಪ್ಪ ಹೆಂಡತಿಗೆ ಇಡ್ಲಿ ತಂದು, ಒಂದು ಪೊಟ್ಟಣವನ್ನು ತಲೆ ತಗ್ಗಿಸಿ ಇವರತ್ತಲೂ ಚಾಚುತ್ತಾನೆ. ಇವರು ತೆಗೆದುಕೊಳ್ಳುತ್ತಾರೆ.

ಶಿವವ್ವ ಹಸಿದು ಕುಳಿತಷ್ಟು ಹೊತ್ತೂ ತಾವೂ ಬಾಯಿಗೆ ಏನೂ ಹಾಕಿರಲಿಲ್ಲ ಎಂಬುದನ್ನು ಧನ್ಯಕುಮಾರ ಆ ಗಂಡ ಹೆಂಡತಿಗೆ ಹೇಳಲಿಲ್ಲ.