ಐತಾಳರ ಒಣಗಿದ ನಾಲಿಗೆ

1976ರ ಜನವರಿ. ದೆಹಲಿಯ ಕರೋಲ್ ಬಾಗಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ವೈದ್ಯೆಯಾಗಿದ್ದೆ. ಮೈಸೂರಿನವಳಾದ ನನಗೆ ಅಲ್ಲಿನ ಚಳಿಗಿಂತ ಅಲ್ಲಿನ ಕಾಫಿಯದೇ ಹೆಚ್ಚು ಭಯ. ಹಾಗಾಗಿ ಎರಡು ಗಲ್ಲಿ ಆಚೆಗಿದ್ದ ಅನಂತ ಐತಾಳರ ಹೋಟೆಲೇ ನನಗೆ ತವರುಮನೆ. ಕುಂದಾಪುರ ಕಡೆಯ ಐತಾಳರಿಗೆ ಆಗ ಎಪ್ಪತ್ತೊಂದು ವರ್ಷ. ವ್ಯವಹಾರ ಮಗ ಗಣಪತಿಯ ಕೈಗೆ ಬಂದಿದ್ದರೂ ಸಾಂಬಾರಿನ ಮಸಾಲೆ ಹುರಿಯುವುದು, ರುಚಿ ನೋಡಿ ಸೈ ಎನ್ನುವುದು ಅವರೇ.

ಒಂದು ಬೆಳಿಗ್ಗೆ ಗಣಪತಿ ತಂದೆಯನ್ನು ಕ್ಲಿನಿಕ್ಕಿಗೆ ಕರೆತಂದ.

"ಡಾಕ್ಟ್ರಮ್ಮ, ಅಪ್ಪಯ್ಯನಿಗೆ ಅರಳು ಮರಳು. ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರೆ. ನಿನ್ನೆ ನಮ್ಮ ತರಕಾರಿ ಭಯ್ಯಾನನ್ನೇ ಯಾರು ಅಂತ ಕೇಳಿದ್ರು!"

ಮುಂದಿನ ತಿಂಗಳಿಂದ ಬೇರೆ ಅಡುಗೆಯವನನ್ನು ಗೊತ್ತು ಮಾಡಿದ್ದನಂತೆ. ಅಪ್ಪಯ್ಯ ಇನ್ನು ಅಡುಗೆಮನೆಗೆ ಕಾಲಿಡಬಾರದು. ಬೆಂಕಿಯ ಹತ್ತಿರ ಏನಾದರೂ ಆದರೆ ಯಾರು ಹೊಣೆ? ಅವನ ಹೆದರಿಕೆಯೂ ಸುಳ್ಳಲ್ಲ.

ಐತಾಳರು ನನ್ನನ್ನು ನೋಡಿ, "ನೀವು ಇಲ್ಲಿಗೆ ಹೊಸಬರಾ?" ಎಂದರು. ದಿನವೂ ನನಗೆ ಕಾಫಿ ಕೊಟ್ಟ ಮನುಷ್ಯ! ಆಮೇಲೆ ಮೆಲ್ಲನೆ, "ಒಲೆ ಬಿಡಿಸಿದ್ರೆ ನಾನು ಇದ್ದು ಎಂಥ ಮಾಡ್ಲಿ ಮಾರಾಯ್ರೆ?" ಎಂದರು.

ಮುಪ್ಪಿನ ಮರೆವು, ಅಂದರೆ ಡಿಮೆನ್ಶಿಯಾ, ಸಾಮಾನ್ಯವಾಗಿ ಕಳ್ಳಹೆಜ್ಜೆಯಲ್ಲಿ ಬರುತ್ತದೆ. ಇವರದು, ಗಣಪತಿ ಹೇಳಿದಂತೆ, ಮೊನ್ನೆ ದೀಪಾವಳಿ ಕಳೆದ ಮೇಲೆ ಒಮ್ಮೆಲೇ ಶುರುವಾದದ್ದು. ನನಗೆ ಅನುಮಾನ ಬಂತು. ಬಾಯಿ ತೆರೆಸಿ ನಾಲಿಗೆ ಒತ್ತಿ ನೋಡುವ ಮರದ ಪಟ್ಟಿ ಇಟ್ಟರೆ ಅದು ಅಲ್ಲೇ ಅಂಟಿಕೊಂಡಿತು. ಕೊರೆಯುವ ಚಳಿಯಲ್ಲೂ ಅವರಿಗೆ ಬಾಯಾರಿಕೆ. ಕಣ್ಣಿನ ಪಾಪೆಗಳು ಅಗಲವಾಗಿದ್ದವು. ಹೊಟ್ಟೆ ಕಟ್ಟಿತ್ತು.

"ಏನು ಮಾತ್ರೆ ತಗೊಳ್ತೀರಿ?"

"ಮಾತ್ರೆ ಎಂಥದ್ದೂ ಇಲ್ಲ. ಗಿರಾಕಿಗಳು ಪ್ರೀತಿಯಿಂದ ಕೊಟ್ಟದ್ದು ಉಂಟು, ಅಷ್ಟೇ."

ಸ್ವೆಟರಿನ ಜೇಬಿನಿಂದ ಮೂರು ಬಗೆಯ ಮಾತ್ರೆಗಳು ಹೊರಬಂದವು. ಮಸಾಲೆ ದೋಸೆಗೆ ಬರುವ ಡಾಕ್ಟರರೊಬ್ಬರು ನೆಗಡಿಗೆಂದು ಕೊಟ್ಟದ್ದು ಒಂದು. ಸೈನ್ಯದಿಂದ ನಿವೃತ್ತರಾದ ಕೊಡಗಿನ ಕಾಂಪೌಂಡರ್ ಹೊಟ್ಟೆನುಲಿತಕ್ಕೆ ಕೊಟ್ಟದ್ದು ಇನ್ನೊಂದು. ಮೂರನೆಯದು ನಿದ್ದೆಗೆ, ಇಡ್ಲಿ ಪ್ರಿಯರಾದ ಮತ್ತೊಬ್ಬ ಡಾಕ್ಟರರದು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

"ಇಷ್ಟೆಲ್ಲ ಯಾಕೆ ನುಂಗಿದ್ರಿ?" ಎಂದು ಗದರಿದೆ.

"ಹೋಟೆಲಿನವನು ಗಿರಾಕಿಯ ಮಾತು ತೆಗೆದುಹಾಕ್ಲಿಕ್ಕೆ ಆಗ್ತದಾ?" ಎಂದು ನನಗೇ ತಿರುಗಿ ಕೇಳಿದರು. ನಗು ತಡೆಯಲಾಗಲಿಲ್ಲ.

ನಮ್ಮ ದೇಹದಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ಬಾಯಲ್ಲಿ ಜೊಲ್ಲು ಬರಲೂ ಅದು ಬೇಕು, ತಲೆಯಲ್ಲಿ ನೆನಪು ನಿಲ್ಲಲೂ ಅದು ಬೇಕು. ಈ ಮೂರೂ ಮಾತ್ರೆಗಳು ಅದರ ಕೆಲಸಕ್ಕೇ ಅಡ್ಡಗಾಲು ಹಾಕುವಂಥವು. ವಯಸ್ಸಾದವರ ಮಿದುಳು ಒಂದನ್ನೇ ತಾಳುವುದು ಕಷ್ಟ. ಐತಾಳರು ಮೂರನ್ನೂ ಕೂಡಿಸಿದ್ದರು. ನಾಲಿಗೆ ಒಣಗಿದ ಮೇಲೆ ಉಪ್ಪಿನ ರುಚಿ ತಿಳಿಯುವುದಾದರೂ ಹೇಗೆ?

ಗಣಪತಿಗೆ, "ಹೊಸ ಅಡುಗೆಯವನಿಗೆ ಒಂದು ತಿಂಗಳು ತಡಿ ಅನ್ನು," ಎಂದೆ. "ಸರಿಹೋಗದಿದ್ರೆ?" ಎಂದ. "ಆಗ ನೋಡೋಣ," ಎಂದೆನಾದರೂ ಒಳಗೊಳಗೇ ನನಗೂ ಅಳುಕಿತ್ತು. ಎರಡು ಮಾತ್ರೆ ನಿಲ್ಲಿಸಿದೆ. ನಿದ್ದೆಯದನ್ನು ಒಮ್ಮೆಲೇ ಬಿಡಿಸದೆ ನಿಧಾನವಾಗಿ ಇಳಿಸಿದೆ. ಅವರು ಮತ್ತೆ ನನ್ನ ಗುರುತು ಹಿಡಿಯದಿದ್ದರೆ ಎಂಬ ಭಯಕ್ಕೆ ಆ ದಿನಗಳಲ್ಲಿ ಹೋಟೆಲಿನ ಕಡೆ ತಲೆ ಹಾಕಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ ಧೈರ್ಯ ಮಾಡಿ ಹೋದೆ. ಅಡುಗೆಮನೆಯಿಂದ ಬೈಗುಳ ಕೇಳಿಸಿತು: "ಮೆಂತ್ಯ ಸೀದಿದೆ ಗಣಪತಿ! ಮೂಗಿಗೆ ಬೀಗ ಹಾಕಿದ್ದೀಯಾ?" ಗಣಪತಿ ಬೈಸಿಕೊಳ್ಳುತ್ತಲೇ ಹೊರಗೆ ಬಂದು, ಪ್ರಶಸ್ತಿ ಸಿಕ್ಕವನಂತೆ ನಕ್ಕ.

ನಂತರದ ವರ್ಷಗಳಲ್ಲಿ, ಇಂಥ ಮಾತ್ರೆಗಳ ದೀರ್ಘಕಾಲದ ಬಳಕೆಗೂ ಡಿಮೆನ್ಶಿಯಾಕ್ಕೂ ನಂಟಿರಬಹುದೆಂದು ಸಂಶೋಧಕರು ಹೇಳತೊಡಗಿದರು. ಅವೇ ಕಾರಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎಲ್ಲ ಮರೆವೂ ಮಾತ್ರೆಯಿಂದ ಬಂದದ್ದಲ್ಲ, ಮಾತ್ರೆಗಳನ್ನು ತಾವಾಗಿ ಬಿಡುವುದೂ ಸರಿಯಲ್ಲ. ಆದರೆ ವಯಸ್ಸಾದವರಿಗೆ ಅರಳು ಮರಳೆಂದು ಹಣೆಪಟ್ಟಿ ಹಚ್ಚುವ ಮೊದಲು ಅವರ ಜೇಬು ನೋಡಬೇಕು. ಈ ಪಾಠ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಆ ಹೋಟೆಲು.

ಅವತ್ತು ಐತಾಳರು ತಾವೇ ಲೋಟ ಹಿಡಿದು ನನ್ನ ಮೇಜಿಗೆ ಬಂದರು.

"ಸ್ಟ್ರಾಂಗು, ಸಕ್ಕರೆ ಕಮ್ಮಿ. ಅಲ್ವಾ ಡಾಕ್ಟ್ರಮ್ಮ?"