ಹೂ ಕಟ್ಟುವ ಕೈಯಲ್ಲಿ ಹೆಣೆದ ರವಿಕೆ

ಸುಡು ಬೇಸಿಗೆಯಲ್ಲಿ ಕಡ್ಡಿ ಹಿಡಿದು ಹೆಣಿಗೆಗೆ ಕೂತರೆ ಕಡೂರಿನಲ್ಲಿ ಯಾರು ಸುಮ್ಮನಿರುತ್ತಾರೆ? ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದು ಹೂವಿನ ಅಂಗಡಿ. ಸೇವಂತಿಗೆ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ನೂಲಿನ ಉಂಡೆ ತೆಗೆದರೆ ಸಾಕು, "ಯಾರಿಗೇ ಸ್ವೆಟರು, ಈ ಸೆಕೇಲಿ?" ಎಂದು ಬಂದವರೆಲ್ಲ ಕೇಳುವವರೇ. "ನಿಮ್ಮನೆ ಎಮ್ಮೆಗೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ.

ಅದು ಸ್ವೆಟರಲ್ಲ, ಗಿಡ್ಡ ತೋಳಿನ, ತೆಳು ಹತ್ತಿ ನೂಲಿನ ರವಿಕೆ. ನಮ್ಮ ಜೊತೆಯಲ್ಲೇ ಇರುವ ಅಣ್ಣನ ಹೆಂಡತಿಗೆ. ಅತ್ತಿಗೆ ಸಿಂಗಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಎದೆಯಲ್ಲಿ ಗಂಟಾಗಿ, ಆಪರೇಷನ್ ಮಾಡಿ ಎಡಭಾಗವನ್ನು ಪೂರ್ತಿ ತೆಗೆದಿದ್ದರು. ಗಾಯ ಮಾಗಿತ್ತು, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರೂ ಹೇಳಿದ್ದರು. ಆದರೆ ಹೊಲಿಸಿದ ರವಿಕೆ ಯಾವುದನ್ನು ಹಾಕಿದರೂ ಗಾಯದ ಮೇಲೆ ಒತ್ತಿ ಉರಿಯುತ್ತಿತ್ತು. ಅಂಗಡಿಯ ಟಾಪ್ ಹಾಕೋಣವೆಂದರೆ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಗಲೆಲ್ಲ ನೈಟಿಯಲ್ಲೇ ಇರುತ್ತಿದ್ದರು.

"ಮಕ್ಳು ಓಡ್ಬಂದು ತಬ್ಕೊತವೆ ಕಣೇ. ನೋವಾಗುತ್ತೆ ಅಂತ ನಾನು ತಳ್ಳಿದ್ರೆ ಅವಕ್ಕೇನು ಗೊತ್ತಾಗುತ್ತೆ? ಕೆಲ್ಸ ಬಿಟ್ಬಿಡ್ತೀನಿ" ಎಂದರು ಒಂದು ದಿನ.

ಆ ಮಕ್ಕಳೆಂದರೆ ಅತ್ತಿಗೆಗೆ ಜೀವ. ನನಗೆ ಶಾಲೆಯಲ್ಲಿ ಕ್ರಾಫ್ಟ್ ಮೇಡಂ ಕಲಿಸಿದ ಹೆಣಿಗೆ ಅಷ್ಟಿಷ್ಟು ನೆನಪಿತ್ತು. ಮುಂದೆ ಗುಂಡಿಯಿರುವ, ಮೈಮೇಲೆ ಇದೆಯೋ ಇಲ್ಲವೋ ಎನ್ನುವಂಥದ್ದನ್ನು ನಾನೇ ಹೆಣೆದು ಕೊಡುತ್ತೇನೆ, ಅಲ್ಲಿಯವರೆಗೆ ಕೆಲಸ ಬಿಡುವ ಮಾತೆತ್ತಬೇಡಿ ಎಂದೆ. ತರೀಕೆರೆಗೆ ಹೋಗಿ ನೂಲು ತಂದೆ.

ಮೊದಲನೆಯದು ಮುಗಿದಾಗ ಹೇಗಿತ್ತೆಂದರೆ, ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಗೋಣಿಚೀಲವೇ ವಾಸಿ. ಅತ್ತಿಗೆ ಹಾಕಿಕೊಂಡರು. ಕಂಕುಳಲ್ಲಿ ಗೀರಿತೆಂದು ಕಾಣುತ್ತದೆ, ಬಿಚ್ಚಿ ಮಡಿಸಿಟ್ಟರು. "ಬಿಡು, ನನ್ ಹಣೇಲಿ ಬರ್ದಿಲ್ಲ" ಎಂದರು. ನನಗೆ ಅಳು ಬಂತು. ಅಳು ಬಂದರೆ ಸಿಟ್ಟೂ ಬರುತ್ತದೆ, ಕಡ್ಡಿಗಳನ್ನು ಎಸೆದುಬಿಟ್ಟೆ. ಅಮ್ಮ ಅವನ್ನು ಹುಡುಕಿ ತಂದು ನನ್ನ ಮಡಿಲಿಗೆ ಹಾಕಿದಳು.

ಮಾರನೆಯ ದಿನ ಹೊಸ ಉಂಡೆ ತೆಗೆದು ಮತ್ತೆ ಶುರು ಮಾಡಿದೆ. ಎದುರಿಗೆ ಕೂತು ನೋಡುತ್ತಿದ್ದ ಅತ್ತಿಗೆ ಇದ್ದಕ್ಕಿದ್ದಂತೆ ನಕ್ಕರು. ಆಪರೇಷನ್ ಆದಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ನೀನು ಹೆಣೀತಿಲ್ಲ ಕಣೇ, ಹೂ ಕಟ್ತಿದೀಯ."

ನನ್ನ ಕೈ ನಾನೇ ನೋಡಿಕೊಂಡೆ. ನಿಜ. ಹೂ ಕಟ್ಟುವಾಗ ಪ್ರತಿ ಸುತ್ತಿಗೂ ದಾರ ಜಗ್ಗಿ ಬಿಗಿಯಬೇಕು, ಇಲ್ಲದಿದ್ದರೆ ಹೂ ಉದುರುತ್ತದೆ. ಚಿಕ್ಕಂದಿನಿಂದ ಅದೇ ಕೆಲಸ ಮಾಡಿದ ಬೆರಳು ಇಲ್ಲೂ ಒಂದೊಂದು ಕುಣಿಕೆಯನ್ನೂ ಜಗ್ಗುತ್ತಿತ್ತು. ಹಾಳಾದ ಬೆರಳು, ಬೈದರೂ ಕೇಳಲಿಲ್ಲ.

"ಉಂಡೆ ಇತ್ಲಾಗೆ ಕೊಡು" ಎಂದರು ಅತ್ತಿಗೆ. ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ನೂಲನ್ನು ಮೇಲಕ್ಕೆಳೆದು, ನನ್ನ ಕಡೆಗೆ ಸಡಿಲವಾಗಿ ಬಿಡತೊಡಗಿದರು. ನಾನು ಜಗ್ಗಿದರೂ ಎದುರಿಗೆ ಹಿಡಿತವೇ ಇಲ್ಲ. ಕಡ್ಡಿಯನ್ನೂ ದಪ್ಪದ್ದಕ್ಕೆ ಬದಲಾಯಿಸಿದೆ. ದಿನವೂ ಹೀಗೇ ಕೂರುತ್ತಿದ್ದೆವು. ಡಾಕ್ಟರು ಹೇಳಿದ ಕೈ ವ್ಯಾಯಾಮವನ್ನು ನೋವೆಂದು ಬಿಟ್ಟವರು, ನೂಲೆಳೆಯುತ್ತಾ ಎಳೆಯುತ್ತಾ ಎಡಗೈಯನ್ನು ಮೊದಲು ಗಲ್ಲದವರೆಗೆ, ಆಮೇಲೆ ಕಿವಿಯವರೆಗೆ ಎತ್ತುತ್ತಿದ್ದರು. ನಾನು ನೋಡಿಯೂ ಬಾಯಿ ಬಿಡಲಿಲ್ಲ. ಹೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಭಯ.

ಈ ಸಲದ್ದನ್ನು ಹಾಕಿಕೊಂಡು, ಮೇಲೆ ಸೀರೆಯುಟ್ಟು, ಅತ್ತಿಗೆ ಕೆಲಸಕ್ಕೆ ಹೊರಟರು. ಮನಸ್ಸು ತಡೆಯದೆ ನಾನೂ ಸಿಂಗಟಗೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಬ್ಯಾಗನ್ನು ಎದೆಗೆ ಅಡ್ಡ ಹಿಡಿದುಕೊಂಡೇ ಇದ್ದರು.

ಅಂಗನವಾಡಿಯ ಬಾಗಿಲಲ್ಲಿ ಮಕ್ಕಳು ಕಂಡದ್ದೇ ಅತ್ತಿಗೆ ನಿಂತುಬಿಟ್ಟರು. ಆಮೇಲೆ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಹೊಸ್ತಿಲ ಮೇಲೆ ಕೂತರು. ಎಲ್ಲರಿಗಿಂತ ಮೊದಲು ಓಡಿ ಬಂದ ಪುಟ್ಟ ಹುಡುಗಿ ಕೊರಳಿಗೆ ಜೋತುಬಿದ್ದು ಕೆನ್ನೆಯನ್ನು ಸರಿಯಾಗಿ ಎದೆಯ ಎಡಗಡೆಗೇ ಒತ್ತಿದಳು. ಬಿಡಿಸಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಮಿಸ್, ಮೆತ್ತಗೈತೆ" ಎಂದಳು ಹುಡುಗಿ.

"ಹೂಂ ಕಣವ್ವ" ಎಂದರು ಅತ್ತಿಗೆ. "ಇನ್ನೂ ಹತ್ರ ಬಾ."